ಆರೋ ಒಂಬತ್ತೋ: ಒಂದು ಸಾಗುವಳಿ ಚೀಟಿಯ ಫೋಟೋ ಓದುವಂತೆ ಪ್ರಿಂಟ್ ಆದ ಪ್ರಕರಣ

ಸಮಸ್ಯೆ ಇದ್ದದ್ದು ಒಂದೇ ಅಂಕಿಯಲ್ಲಿ. ಸರ್ವೆ ನಂಬರಿನ ಎರಡನೇ ಅಂಕಿ ೬ ಇರಬಹುದು, ೯ ಇರಬಹುದು. ಕನ್ನಡ ಅಂಕಿಯಲ್ಲಿ ಇವೆರಡರ ಮೈ ಒಂದೇ ಥರ. ಕೆಳಗಿನ ಬಾಲ ಯಾವ ಕಡೆ ತಿರುಗಿದೆ ಅನ್ನೋದಷ್ಟೇ ವ್ಯತ್ಯಾಸ. ಕೈಬರಹದಲ್ಲಿ ಆ ಬಾಲ ಒಂದೆರಡು ಮಿಲಿಮೀಟರ್ ಇದ್ದರೆ ಹೆಚ್ಚು. ಪ್ರಿಂಟ್‌ನಲ್ಲಿ ಆ ಜಾಗದಲ್ಲಿ ಒಂದು ಬೂದು ಮಚ್ಚೆ ಕಾಣುತ್ತಿತ್ತು, ಅಷ್ಟೆ. ವಕೀಲರು ಹಾಳೆಯನ್ನು ವಾಪಸ್ ಕೊಟ್ಟು, ಸರಿಯಾಗಿ ಓದುವಂಥದ್ದು ತನ್ನಿ ಅಂದಿದ್ದರು.

ಕಾಗದದ ಹಿನ್ನೆಲೆ ಸ್ವಲ್ಪ ಹೇಳಬೇಕು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಶರಾವತಿ ಹಿನ್ನೀರು ಏರಿದಾಗ ಸಾವಿರಾರು ಮನೆಯವರು ಊರು ಬಿಟ್ಟರು. ಈ ಕುಟುಂಬ ಅವರಲ್ಲಿ ಒಂದು. ಮುಳುಗಡೆಯ ಬದಲಿಗೆ ಸಿಕ್ಕ ಜಮೀನಿನ ಸಾಗುವಳಿ ಚೀಟಿ, ಅಂದರೆ ಜಮೀನು ಮಂಜೂರಾದದ್ದಕ್ಕೆ ಸರ್ಕಾರ ಕೊಟ್ಟ ಪತ್ರ ಅದು. ಅಚ್ಚಾದ ಫಾರಂ, ಅದರ ಮೇಲೆ ನೀಲಿ ಶಾಯಿಯ ಕೈಬರಹ, ಕೆಳಗೆ ನೇರಳೆ ಮೊಹರು. ಅರವತ್ತು ವರ್ಷ ಟ್ರಂಕಿನಲ್ಲೂ ಅಟ್ಟದಲ್ಲೂ ಇದ್ದು ಕಂದು ಬಣ್ಣಕ್ಕೆ ತಿರುಗಿತ್ತು. ಮಡಿಕೆ ಬಿದ್ದ ಕಡೆ ಶಾಯಿ ಉದುರಿತ್ತು. ಮಲೆನಾಡಿನ ಮಳೆಗಾಲದಲ್ಲಿ ಕಾಗದ ಇಷ್ಟು ವರ್ಷ ಉಳಿದದ್ದೇ ದೊಡ್ಡದು.

ಚೀಟಿ ಇದ್ದದ್ದು ದೊಡ್ಡಪ್ಪನ ಮಗನ ಮನೆಯಲ್ಲಿ, ಸಾಗರದಿಂದ ಸಾಕಷ್ಟು ಒಳಗೆ. ಅದು ಬೇಕಾಗಿದ್ದದ್ದು ಬೆಂಗಳೂರಿನಲ್ಲಿ ಕೆಲಸ ಮಾಡುವ ತಮ್ಮನಿಗೆ. ಸ್ಕ್ಯಾನ್ ಮಾಡಿಸೋಣ, ಕೊಡು ಅಂತ ತಮ್ಮ ಕೇಳಿದ್ದಾನೆ. ಅಣ್ಣ ಒಪ್ಪಿಲ್ಲ. "ಒರಿಜಿನಲ್ಲು ಮನೆ ಹೊಸಿಲು ದಾಟೋದು ಬೇಡ ತಮಾ. ಫೋಟೋ ಎಷ್ಟು ಬೇಕಾದ್ರೂ ತೆಗಿ" ಅಂದಿದ್ದಾರೆ. ಇದರಲ್ಲಿ ತಪ್ಪೇನೂ ಇಲ್ಲ. ಜೆರಾಕ್ಸ್ ಮಾಡಿಸೋಕೆ ಹೋಗಿ ಬಸ್ಸಲ್ಲಿ ಬಿಟ್ಟುಬಂದ ಪತ್ರಗಳ ಕತೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಹೀಗಾಗಿ ಸ್ಕ್ಯಾನರ್ ದಾರಿ ಮುಚ್ಚಿತು. ಇರೋದು ಮೊಬೈಲ್ ಒಂದೇ.

ಸಾಗರದ ನಮ್ಮ ಡಿಟಿಪಿ ಅಂಗಡಿಗೆ ತಮ್ಮ ಬಂದಾಗ ಕೈಯಲ್ಲಿ ಬೇರೆ ಬೇರೆ ಕಡೆ ತೆಗೆಸಿದ ಮೂರು ನಾಲ್ಕು ಪ್ರಿಂಟ್ ಇದ್ದವು. ಒಂದು ಕಲರ್, ಉಳಿದವು ಕಪ್ಪು ಬಿಳುಪು. ಯಾವುದನ್ನೂ ಓದಲು ಆಗುವಂತಿರಲಿಲ್ಲ. "ಅಣ್ಣಾ, ಪ್ರಿಂಟರ್ ಸರಿ ಇಲ್ವೋ, ಫೋನ್ ಸರಿ ಇಲ್ವೋ ಗೊತ್ತಾಗ್ತಿಲ್ಲ. ಫೋನು ಐವತ್ತು ಮೆಗಾಪಿಕ್ಸೆಲ್ ಮಾರಾಯ್ರೇ" ಅಂದ.

ಎರಡೂ ಸರಿಯಾಗಿಯೇ ಇದ್ದವು. ಮೊದಲು ಮೆಗಾಪಿಕ್ಸೆಲ್ ಮಾತು ಮುಗಿಸಿಬಿಡುತ್ತೇನೆ. ಐವತ್ತು ಅಂತ ಡಬ್ಬಿಯ ಮೇಲೆ ಬರೆದಿದ್ದರೂ ಇಂಥ ಫೋನುಗಳು ಮಾಮೂಲಿಯಾಗಿ ನಾಲ್ಕು ಪಿಕ್ಸೆಲ್ (ಚಿತ್ರದ ಚುಕ್ಕಿ) ಸೇರಿಸಿ ಒಂದು ಮಾಡುತ್ತವೆ. ಕೈಗೆ ಬರುವುದು ಹನ್ನೆರಡು ಮೆಗಾಪಿಕ್ಸೆಲ್‌ನ ಫೋಟೋ, ಅಂದರೆ ಉದ್ದಕ್ಕೆ ಸುಮಾರು 4000, ಅಗಲಕ್ಕೆ ಸುಮಾರು 3000 ಪಿಕ್ಸೆಲ್. ಅದು ಕಡಿಮೆ ಏನಲ್ಲ. ಎ4 ಹಾಳೆಯನ್ನು ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ ಒಳ್ಳೆಯ ಸ್ಕ್ಯಾನ್ ಮಾಡಿದರೂ ಬರುವುದು 3508 ಉದ್ದ, 2480 ಅಗಲ. ಕಾಗದ ಫ್ರೇಮ್ ತುಂಬ ಬಂದಿದ್ದರೆ ಹನ್ನೆರಡೇ ಸಾಕು.

ಆದರೆ ಪ್ರಿಂಟ್ ಆದ ಫೈಲ್ ಆ ಹನ್ನೆರಡರ ಫೈಲ್ ಅಲ್ಲವೇ ಅಲ್ಲ. ಅಣ್ಣ ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ತಮ್ಮ ಅಲ್ಲಿಂದ ಇಳಿಸಿಕೊಂಡಿದ್ದ. ವಾಟ್ಸಾಪ್ ಮಾಮೂಲಿ ಫೋಟೋ ಕಳಿಸುವಾಗ ಉದ್ದದ ಕಡೆಯನ್ನು ಸುಮಾರು 1600 ಪಿಕ್ಸೆಲ್‌ಗೆ ಕುಗ್ಗಿಸುತ್ತದೆ. ಅದರ ಮೇಲೆ ಫೈಲನ್ನು ಚಿಕ್ಕದು ಮಾಡುವ ಜೆಪೆಗ್ ಹಿಂಡುವಿಕೆ ಬೇರೆ. ಜೆಪೆಗ್ ಚಿತ್ರವನ್ನು ಎಂಟಕ್ಕೆ ಎಂಟರ ಚೌಕಗಳಾಗಿ ಒಡೆದು ಸಣ್ಣ ವಿವರಗಳನ್ನು ಬಿಡುತ್ತಾ ಹೋಗುತ್ತದೆ. ಮುಖ, ಮರ, ಆಕಾಶಕ್ಕೆ ಇದು ಗೊತ್ತಾಗುವುದಿಲ್ಲ. ಅಕ್ಷರದ ಅಂಚಿನಲ್ಲಿ ತಕ್ಷಣ ಗೊತ್ತಾಗುತ್ತದೆ. ಪ್ರತಿ ಗೆರೆಯ ಸುತ್ತಲೂ ಕೊಳೆ ಮೆತ್ತಿದ ಹಾಗೆ ಕಾಣುತ್ತದೆ.

ಲೆಕ್ಕ ಹಾಕಿ ತೋರಿಸಿದೆ. ಹಳೇ ಫೂಲ್‌ಸ್ಕೇಪ್ ಹಾಳೆ, ಉದ್ದ ಸುಮಾರು 13 ಇಂಚು. ಅಣ್ಣ ತೆಗೆದ ಫೋಟೋದಲ್ಲಿ ಕಾಗದದ ಜೊತೆ ಚಾಪೆ, ಜಗಲಿಯ ಕಂಬದ ಬುಡ, ಅವರದೇ ಕಾಲಿನ ಹೆಬ್ಬೆರಳು ಎಲ್ಲ ಬಂದಿತ್ತು. ಕಾಗದಕ್ಕೆ ಸಿಕ್ಕಿದ್ದು ಫ್ರೇಮಿನ ಮೂರರಲ್ಲಿ ಎರಡು ಭಾಗ. ಅಂದರೆ 1600ರಲ್ಲಿ ಸಾವಿರ ಚಿಲ್ಲರೆ ಪಿಕ್ಸೆಲ್. ಹದಿಮೂರು ಇಂಚಿಗೆ ಹಂಚಿದರೆ ಇಂಚಿಗೆ ಎಂಬತ್ತರ ಆಸುಪಾಸು. ಒಂದು ಪಿಕ್ಸೆಲ್ ಅಂದರೆ ಕಾಗದದ ಮೇಲೆ 0.3 ಮಿಲಿಮೀಟರ್. ಶಾಯಿ ಪೆನ್ನಿನ ಗೆರೆಯ ದಪ್ಪವೂ ಹೆಚ್ಚುಕಮ್ಮಿ ಅಷ್ಟೇ. ಹಾಗಾದರೆ ೬ರ ಬಾಲ ಎಡಕ್ಕೋ ಬಲಕ್ಕೋ ಅಂತ ಹೇಳೋಕೆ ಫೈಲಿನಲ್ಲಿ ಉಳಿದದ್ದು ಮೂರೋ ನಾಲ್ಕೋ ಪಿಕ್ಸೆಲ್. ಅವೂ ಕೊಳೆಯಾದವು. ಇದನ್ನು ಎಂಥ ಪ್ರಿಂಟರ್‌ಗೆ ಕೊಟ್ಟರೂ ಅಷ್ಟೇ.

ಕನ್ನಡಕ್ಕೆ ಇಲ್ಲಿ ಇಂಗ್ಲಿಷಿಗಿಂತ ಜಾಸ್ತಿ ಸೂಕ್ಷ್ಮ ಬೇಕು ಅನ್ನೋದು ನನ್ನ ಅನುಭವ. ನಮ್ಮ ಒತ್ತಕ್ಷರಗಳು ಚಿಕ್ಕವು, ಸಾಲಿನ ಕೆಳಗೆ ತೂಗಾಡುತ್ತವೆ. ದ-ಧ, ಡ-ಢ, ಬ-ಭ ಇವುಗಳ ನಡುವೆ ಇರೋದು ಹೊಟ್ಟೆ ಸೀಳಿದ ಒಂದು ಚಿಕ್ಕ ಗೀಟು. ಪ್ರಿಂಟ್ ಮಸುಕಾದಾಗ ಮೊದಲು ಹೋಗೋದು ಇವೇ. ಇಂಗ್ಲಿಷ್ ಪತ್ರದ ಫೋಟೋ ಓದೋಕೆ ಬಂತು ಅಂತ ಅದೇ ಅಳತೆಯಲ್ಲಿ ಕನ್ನಡ ಕೈಬರಹ ತೆಗೆದರೆ ಸಾಲದು.

ಇಷ್ಟರಲ್ಲಿ ಮನೆಯವರು ಸುಮ್ನೆ ಕೂತಿರಲಿಲ್ಲ. ಗುಂಪಿನಲ್ಲಿದ್ದ ಒಬ್ಬ ಹುಡುಗ ಫೋಟೋವನ್ನು ಎಐ ಬಳಸಿ ಸ್ಪಷ್ಟ ಮಾಡುವ ಆಪ್‌ಗೆ ಹಾಕಿದ್ದ. ಬಹಳ ಚೆಂದದ ೯ ಬಂದಿತ್ತು. ಇನ್ನೊಬ್ಬಳು ಬೇರೆ ಆಪ್‌ಗೆ ಹಾಕಿದ್ದಳು. ಅಲ್ಲಿ ಅಷ್ಟೇ ಚೆಂದದ ೬! ತಮ್ಮ ಎರಡನ್ನೂ ತೋರಿಸಿ, "ಇದ್ರಲ್ಲಿ ಯಾವ್ದು ಸರಿ ಅಣ್ಣಾ?" ಅಂತ ಕೇಳಿದ. ಎರಡೂ ಅಲ್ಲ. ಇಂಥ ಆಪ್ ಇಲ್ಲದ್ದನ್ನು ಊಹಿಸಿ ತುಂಬುತ್ತದೆ. ಮದುವೆ ಫೋಟೋದಲ್ಲಿ ಅಜ್ಜಿಯ ಹುಬ್ಬು ತುಂಬಿದರೆ ಯಾರಿಗೂ ನಷ್ಟವಿಲ್ಲ. ಜಮೀನಿನ ಪತ್ರದಲ್ಲಿ ಅಂಕಿ ತುಂಬಿದರೆ ಪಕ್ಕದ ಮನೆಯವರ ಗದ್ದೆ ನಮ್ಮದಾಗುತ್ತದೆ.

ಇದು ಎಐ ಬಂದ ಮೇಲೆ ಹುಟ್ಟಿದ ತೊಂದರೆಯೂ ಅಲ್ಲ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಒಂದು ವಿಚಿತ್ರ ಪತ್ತೆ ಮಾಡಿದರು. ಜೆರಾಕ್ಸ್ ಕಂಪನಿಯ ಕೆಲವು ಮಷೀನುಗಳು ನಕ್ಷೆಯನ್ನು ಸ್ಕ್ಯಾನ್ ಮಾಡಿದಾಗ ಅಂಕಿಗಳನ್ನೇ ಬದಲಾಯಿಸುತ್ತಿದ್ದವು. 6 ಇದ್ದ ಕಡೆ 8. ಫೈಲ್ ಚಿಕ್ಕದಾಗಲಿ ಅಂತ ಮಷೀನು ಒಂದೇ ಥರ ಕಾಣುವ ಗುರುತುಗಳಿಗೆ ಒಂದೇ ಚಿತ್ರವನ್ನು ಮತ್ತೆ ಮತ್ತೆ ಬಳಸುತ್ತಿತ್ತು. ಮಸುಕಾದ ಅಕ್ಷರ ಇದಕ್ಕಿಂತ ವಾಸಿ. ಮಸುಕಾಗಿದ್ದರೆ ಸಂಶಯ ಬರುತ್ತದೆ, ಇನ್ನೊಮ್ಮೆ ನೋಡುತ್ತೇವೆ. ತಪ್ಪು ಅಂಕಿ ಚೊಕ್ಕವಾಗಿ ಕೂತಿದ್ದರೆ ಯಾರೂ ನೋಡೋದಿಲ್ಲ. ಆ ಎರಡೂ ಫೈಲ್ ಅಳಿಸಿಹಾಕು ಅಂದೆ.

ಇನ್ನು ಅಣ್ಣನ ಫೋನಿನಲ್ಲಿ ಮೂಲ ಫೈಲ್ ಇದ್ದೇ ಇರಬೇಕಲ್ವಾ? ಇತ್ತು. ಅದನ್ನು ವಾಟ್ಸಾಪ್‌ನಲ್ಲೇ, ಆದರೆ ಫೋಟೋ ಅಂತ ಅಲ್ಲದೆ ಡಾಕ್ಯುಮೆಂಟ್ ಅಂತ ಆಯ್ದು ಕಳಿಸಲು ಹೇಳಿದೆವು. ಹಾಗೆ ಕಳಿಸಿದರೆ ಫೈಲ್ ಇದ್ದ ಹಾಗೇ ಬರುತ್ತದೆ. 2023ರಲ್ಲಿ ಬಂದ ಎಚ್‌ಡಿ ಗುಂಡಿ ಒತ್ತಿದರೆ ಮಾಮೂಲಿಗಿಂತ ಜಾಸ್ತಿ ಉಳಿಯುತ್ತದೆ, ಆದರೆ ಅದೂ ಮೂಲ ಅಲ್ಲ. ಬಂದ ಫೈಲ್ ದೊಡ್ಡದಾಗಿತ್ತು ನಿಜ. ತೆರೆದು ನೋಡಿದರೆ ಸಂಜೆ ಹೊತ್ತು ಟ್ಯೂಬ್‌ಲೈಟ್ ಕೆಳಗೆ ಕೈಯಲ್ಲಿ ಹಿಡಿದು ತೆಗೆದದ್ದು. ಬೆಳಕು ಸಾಲದೆ ಕೈ ನಡುಗಿದ್ದು ಚಿತ್ರದಲ್ಲಿತ್ತು. ಫೋನಿನ ನೆರಳು ಸರಿಯಾಗಿ ಸರ್ವೆ ನಂಬರಿನ ಮೇಲೆ. ಹೊಸದಾಗಿ ತೆಗೆಯದೆ ಬೇರೆ ದಾರಿ ಇರಲಿಲ್ಲ. ಅವರ ಊರಿನ ಕಡೆ ನನಗೂ ಒಂದು ಕೆಲಸ ಇದ್ದದ್ದರಿಂದ ಜೊತೆಗೆ ಹೋದೆ.

ಜುಲೈ ತಿಂಗಳು, ಕರೆಂಟ್ ಇಲ್ಲ. ಫೋಟೋಗೆ ಇದು ಕೆಟ್ಟ ಹೊತ್ತು ಅಂತ ಅಣ್ಣ ಅಂದುಕೊಂಡಿದ್ದರು. ಕಾಗದದ ಫೋಟೋಗೆ ಇದಕ್ಕಿಂತ ಒಳ್ಳೆ ಬೆಳಕು ಸಿಗೋದಿಲ್ಲ. ಮೋಡ ಪೂರ್ತಿ ಮುಚ್ಚಿದಾಗ ಆಕಾಶದ ಎಲ್ಲ ಕಡೆಯಿಂದ ಬೆಳಕು ಸಮನಾಗಿ ಬರುತ್ತದೆ, ಗಡಸು ನೆರಳೇ ಬೀಳೋದಿಲ್ಲ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ, ಇರಚಲು ತಾಗದಷ್ಟು ಒಳಗೆ, ಜಗಲಿಯ ತೆರೆದ ಬದಿಗೆ ಟೀಪಾಯಿ ಹಾಕಿಸಿದೆ. ಕರೆಂಟ್ ಬಂದರೂ ಲೈಟ್ ಹಾಕಬೇಡಿ ಅಂದೆ. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತಿನದು, ಹಳೇ ಟ್ಯೂಬ್‌ಲೈಟು ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. ಕಣ್ಣಿಗೆ ಕಾಣದಿದ್ದರೂ ಫೋಟೋದಲ್ಲಿ ಅಡ್ಡ ಪಟ್ಟೆಗಳಾಗಿ ಬರುತ್ತದೆ. ಫ್ಲ್ಯಾಶ್ ಅಂತೂ ಬೇಡವೇ ಬೇಡ. ನಡುವೆ ಬೆಳ್ಳಗೆ ಹೊಡೆದು ಮೂಲೆಗಳು ಕತ್ತಲಾಗುತ್ತವೆ.

ಮಡಿಕೆ ಬಿದ್ದ ಕಾಗದವನ್ನು ಹಿಂದಿನ ರಾತ್ರಿಯೇ ಎರಡು ಬಿಳಿ ಹಾಳೆಗಳ ನಡುವೆ ಇಟ್ಟು ಮೇಲೆ ದಪ್ಪ ಪುಸ್ತಕ ಹೇರಲು ಫೋನಿನಲ್ಲೇ ಹೇಳಿದ್ದೆ. ಮಳೆಗಾಲದ ತೇವಕ್ಕೆ ಕಾಗದ ಮೆತ್ತಗಾಗಿರುತ್ತದೆ, ತಾನಾಗಿಯೇ ಚಪ್ಪಟೆಯಾಗುತ್ತದೆ. ಇಸ್ತ್ರಿ ಪೆಟ್ಟಿಗೆ ತರಲು ಹೊರಟಿದ್ದ ಅತ್ತಿಗೆಯವರನ್ನು ತಡೆಯಬೇಕಾಯಿತು. ಗಾಜು ಒತ್ತಿ ಇಡೋಣವಾ ಅಂದರು. ಗಾಜಿನಲ್ಲಿ ಆಕಾಶವೂ ಫೋನೂ ಪ್ರತಿಫಲಿಸುತ್ತವೆ, ಬೇಡ ಅಂದೆ.

ಫೋನ್ ಅಲುಗದಂತೆ ನಿಲ್ಲಿಸೋದು ಹೇಗೆ? ಸ್ಟ್ಯಾಂಡ್ ಎಲ್ಲಿಂದ ತರೋದು. ಟೀಪಾಯಿಯ ಎರಡೂ ಬದಿ ಪ್ಲಾಸ್ಟಿಕ್ ಕುರ್ಚಿ ಇಟ್ಟು, ಅವುಗಳ ಕೈ ಮೇಲೆ ಅಡ್ಡಲಾಗಿ ಒಂದು ರೀಪು ಹಾಕಿದೆವು. ಫೋನನ್ನು ರೀಪಿಗೆ ರಬ್ಬರ್ ಬ್ಯಾಂಡ್‌ನಿಂದ ಬಿಗಿದು, ಲೆನ್ಸ್ ಮಾತ್ರ ಹೊರಗೆ ಚಾಚಿರುವಂತೆ ಬಿಟ್ಟೆವು. ಕಾಗದಕ್ಕೂ ಲೆನ್ಸಿಗೂ ಸುಮಾರು ಒಂದಡಿ ಅಂತರ. ಇನ್ನೂ ಹತ್ತಿರ ಹೋದರೆ ಫೋನಿನ ನೆರಳು ಬೀಳುತ್ತದೆ, ಅಂಚಿನ ಅಕ್ಷರಗಳು ಎಳೆದ ಹಾಗಾಗುತ್ತವೆ. ದೂರ ಹೋದರೆ ಪಿಕ್ಸೆಲ್ ಚಾಪೆಗೆ ಹೋಗುತ್ತದೆ. ಕಾಗದದ ನಾಲ್ಕು ಅಂಚೂ ಫ್ರೇಮಿನ ಅಂಚಿಗೆ ಸಮಾನಾಂತರ ಇದ್ದರೆ ಫೋನ್ ನೇರವಾಗಿದೆ ಅಂತ ಅರ್ಥ. ಪರದೆಯ ಮೇಲೆ ಸರ್ವೆ ನಂಬರ್ ಇರುವ ಕಡೆ ಬೆರಳೊತ್ತಿ ಫೋಕಸ್ ಮಾಡಿ, ಮೂರು ಸೆಕೆಂಡಿನ ಟೈಮರ್ ಹಾಕಿ ಎಲ್ಲರೂ ದೂರ ನಿಂತೆವು. ಜಗಲಿಯ ಮರದ ನೆಲ ಒಬ್ಬರು ನಡೆದರೂ ಅದುರುತ್ತಿತ್ತು.

ಪೂರ್ತಿ ಹಾಳೆಯ ಫೋಟೋ ಆದ ಮೇಲೆ ಕುರ್ಚಿ ಸರಿಸಿ ಮೇಲಿನ ಅರ್ಧ, ಕೆಳಗಿನ ಅರ್ಧ ಬೇರೆ ಬೇರೆಯಾಗಿ ಹತ್ತಿರದಿಂದ ತೆಗೆದೆವು. ದೊಡ್ಡದು ಮಾಡಿ ಪ್ರಿಂಟ್ ತೆಗೆದರೆ ವಿವರ ಹುಟ್ಟೋದಿಲ್ಲ, ಹತ್ತಿರದಿಂದ ತೆಗೆದರೆ ಹುಟ್ಟುತ್ತದೆ. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟಿದ್ದೆವು. ಆಮೇಲೆ ಪ್ರಿಂಟ್ ಮೂಲದ ಅಳತೆಗೇ ಬಂತೋ ಇಲ್ವೋ ನೋಡಲು ಅದು ಅನುಕೂಲ.

ಈ ಸಲ ಕಾಗದಕ್ಕೆ ಉದ್ದದ ಕಡೆ 3300ರಷ್ಟು ಪಿಕ್ಸೆಲ್ ಸಿಕ್ಕಿತು. ಇಂಚಿಗೆ 250ರ ಮೇಲೆ. ಒಂದು ಪಿಕ್ಸೆಲ್ ಈಗ 0.1 ಮಿಲಿಮೀಟರ್. ಪೆನ್ನಿನ ಗೆರೆಗೆ ಮೂರು ಪಿಕ್ಸೆಲ್. ಫೋನಿನಲ್ಲೇ ಹಿಗ್ಗಿಸಿ ನೋಡಿದಾಗ ಬಾಲ ಬಲಕ್ಕೆ ತಿರುಗಿದ್ದು ಕಂಡಿತು. ೬. ಅದೇ ಪತ್ರದಲ್ಲಿ ವಿಸ್ತೀರ್ಣದ ಗುಂಟೆ ಲೆಕ್ಕದಲ್ಲಿ ಸ್ಪಷ್ಟವಾದ ಒಂದು ೯ ಇತ್ತು. ಒಂದೇ ಕೈಬರಹ. ಪಕ್ಕ ಪಕ್ಕ ಇಟ್ಟು ನೋಡಿ ಖಾತ್ರಿ ಮಾಡಿಕೊಂಡೆವು.

ಕಣ್ಣಿಗೆ ಕಂಡದ್ದು ಹಾಳೆಯ ಮೇಲೆ ಬರಬೇಕಲ್ಲ. ಜನ ಎಡವುವುದು ಇಲ್ಲೂ ಇದೆ. ಒಳ್ಳೆ ಫೋಟೋವನ್ನೇ ನೇರವಾಗಿ ಲೇಸರ್ ಪ್ರಿಂಟರ್‌ಗೆ ಕೊಟ್ಟರೂ ಅಕ್ಷರ ಮಂಕಾಗುತ್ತದೆ. ಕಪ್ಪು ಬಿಳುಪು ಲೇಸರ್ ಪ್ರಿಂಟರ್ ಹತ್ತಿರ ಇರೋದು ಕಪ್ಪು ಪುಡಿ (ಟೋನರ್) ಒಂದೇ. ಬೂದು ಬಣ್ಣ ಅದಕ್ಕೆ ಗೊತ್ತಿಲ್ಲ. ಬೂದು ತೋರಿಸಬೇಕಾದರೆ ಚುಕ್ಕಿಗಳನ್ನು ಒತ್ತಾಗಿಯೋ ವಿರಳವಾಗಿಯೋ ಹಾಕುತ್ತದೆ. ಇಂಚಿಗೆ 600 ಚುಕ್ಕಿ ಇಡುವ ಮಷೀನು ಬೂದು ಬಣ್ಣ ಹಾಕುವಾಗ ಆ ಚುಕ್ಕಿಗಳನ್ನು ಗುಂಪು ಮಾಡಿ ಬಳಸುತ್ತದೆ, ಸೂಕ್ಷ್ಮ ಎಷ್ಟೋ ಪಾಲು ಇಳಿಯುತ್ತದೆ. ನಮ್ಮ ಚೀಟಿಯ ಕಂದು ಕಾಗದ ಪ್ರಿಂಟರ್‌ಗೆ ಬೂದು. ನೀಲಿ ಶಾಯಿ ಇನ್ನೊಂದು ಬೂದು. ಚುಕ್ಕಿಯ ಮೇಲೆ ಚುಕ್ಕಿ, ಅಕ್ಷರದ ಅಂಚೇ ಇಲ್ಲ. ಆ ಮೊದಲಿನ ಪ್ರಿಂಟುಗಳನ್ನು ಭೂತಗನ್ನಡಿಯಲ್ಲಿ ನೋಡಿದಾಗ ತಮ್ಮನಿಗೂ ಇದು ಕಂಡಿತು.

ಹಾಗಾಗಿ ಪ್ರಿಂಟರ್‌ಗೆ ಕೊಡುವ ಮೊದಲೇ ಕಾಗದ ಬಿಳಿಯಾಗಬೇಕು, ಅಕ್ಷರ ಕಪ್ಪಾಗಬೇಕು. ಸ್ಕ್ಯಾನ್ ಆಪ್‌ಗಳ ಕಪ್ಪು ಬಿಳುಪು ಆಯ್ಕೆ ಇದನ್ನೇ ಮಾಡುತ್ತದೆ, ಹೊಸ ಪತ್ರಗಳಿಗೆ ಧಾರಾಳವಾಗಿ ಸಾಕು. ಇಲ್ಲಿ ಹಾಕಿ ನೋಡಿದರೆ ಮೊಹರಿನ ಅರ್ಧ ಮಾಯ, ತೆಳುವಾದ ಒತ್ತಕ್ಷರಗಳೂ ಮಾಯ. ಹಳೇ ಕಾಗದಕ್ಕೆ ಆಪ್‌ನ ಅವಸರ ಆಗೋದಿಲ್ಲ. ಜಿಂಪ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಕೈಯಾರೆ ಮಾಡಿದೆ.

ಮೊದಲು ಬೆಳಕಿನ ಏರುಪೇರು. ಚಿತ್ರದ ಪದರವನ್ನು ನಕಲು ಮಾಡಿ, ಮೇಲಿನದನ್ನು ಅಕ್ಷರ ಪೂರ್ತಿ ಕರಗುವಷ್ಟು ಬ್ಲರ್ ಮಾಡಿ, ಮೋಡ್ ಅನ್ನು ಡಿವೈಡ್‌ಗೆ ಬದಲಾಯಿಸಿದರೆ ಕಾಗದದ ಬಣ್ಣ, ನೆರಳು, ಕಲೆಗಳ ಬಹುಪಾಲು ಬಿಳಿಯಾಗಿ ಹೋಗುತ್ತದೆ. ಬ್ಲರ್ ಅಳತೆ ನೂರು ಪಿಕ್ಸೆಲ್ ಮೇಲಿರಲಿ, ಕಡಿಮೆಯಾದರೆ ಅಕ್ಷರದ ಹೊಟ್ಟೆಯೂ ಬೆಳ್ಳಗಾಗುತ್ತದೆ.

ಆಮೇಲೆ ಬಣ್ಣದ ವಿಷಯ, ಇದು ನನಗೆ ಇಷ್ಟದ ಭಾಗ. ಫೋಟೋ ಅಂದರೆ ಕೆಂಪು, ಹಸಿರು, ನೀಲಿ ಮೂರು ಚಿತ್ರಗಳು ಸೇರಿದ್ದು. ಕಂದು ಕಲೆ ಕೆಂಪು ಬೆಳಕನ್ನು ಚೆನ್ನಾಗಿ ಹಿಂದಿರುಗಿಸುತ್ತದೆ, ಆದ್ದರಿಂದ ಕೆಂಪು ಚಿತ್ರದಲ್ಲಿ ಕಲೆ ತಿಳಿಯಾಗುತ್ತದೆ. ನೀಲಿ ಶಾಯಿ ಕೆಂಪನ್ನು ನುಂಗುತ್ತದೆ, ಆದ್ದರಿಂದ ಅಕ್ಷರ ಅಲ್ಲಿ ಕಪ್ಪಗೆ ನಿಲ್ಲುತ್ತದೆ. ಕೆಂಪೊಂದನ್ನೇ ಇಟ್ಟುಕೊಂಡು ಕಪ್ಪು ಬಿಳುಪು ಮಾಡಿದಾಗ ಬರಹ ಎದ್ದು ಬಂತು. ಆದರೆ ನೇರಳೆ ಮೊಹರು ತೆಳುವಾಯಿತು. ಅದು ಹಸಿರಿನಲ್ಲಿ ಗಟ್ಟಿ. ಮೊಹರು ಕೆಂಪಾಗಿದ್ದರೆ ಕೆಂಪು ಚಿತ್ರದಲ್ಲಿ ಕಾಣದೇ ಹೋಗುತ್ತಿತ್ತು. ಮೊಹರಿಲ್ಲದ ಸಾಗುವಳಿ ಚೀಟಿಯ ಪ್ರಿಂಟ್ ಯಾರಾದರೂ ನೋಡಿದರೆ ಏನಂದುಕೊಳ್ಳಬೇಕು? ಹಾಗಾಗಿ ಎರಡನ್ನೂ ಬೆರೆಸಿದೆ, ಕೆಂಪು ಜಾಸ್ತಿ, ಹಸಿರು ಸ್ವಲ್ಪ. ಕಂಪ್ಯೂಟರ್ ಇಲ್ಲದವರು ಫೋನಿನ ಸ್ನ್ಯಾಪ್‌ಸೀಡ್‌ನಲ್ಲಿ ಕಪ್ಪು ಬಿಳುಪು ಆಯ್ದು ಕೆಂಪು ಫಿಲ್ಟರ್ ಹಾಕಿ ಇದರ ಹತ್ತಿರಕ್ಕೆ ಹೋಗಬಹುದು.

ಉಳಿದದ್ದು ಬೇಗ ಮುಗಿಯಿತು. ಕಪ್ಪು ಬಿಳಿ ಹೊಂದಿಸುವ ಲೆವೆಲ್ಸ್‌ನಲ್ಲಿ ಬಿಳಿ ತುದಿಯನ್ನು ಒಳಗೆ ಎಳೆದು ಕಾಗದವನ್ನು ಪೂರ್ತಿ ಬಿಳಿ ಮಾಡಿದೆ. ಕಪ್ಪು ತುದಿಯನ್ನು ತೆಳು ಒತ್ತಕ್ಷರ ಉಳಿಯುವಷ್ಟೇ ಎಳೆದೆ. ಕೊನೆಗೆ ಅಂಚನ್ನು ಶಾರ್ಪ್ ಮಾಡುವ ಅನ್‌ಶಾರ್ಪ್ ಮಾಸ್ಕ್, ಒಂದೂವರೆ ಪಿಕ್ಸೆಲ್ ಅಳತೆಗೆ, ಹದವಾಗಿ. ಮೊದಲೇ ಶಾರ್ಪ್ ಮಾಡಿದರೆ ಕೊಳೆಯೂ ಶಾರ್ಪ್ ಆಗುತ್ತದೆ.

ಪ್ರಿಂಟ್ ಕೊಡುವಾಗ ಎ4 ಬೇಡ ಅಂದೆ. ಹದಿಮೂರು ಇಂಚಿನ ಕಾಗದವನ್ನು ಎ4ಗೆ ಹೊಂದಿಸಿದರೆ ಅಕ್ಷರ ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ ಕುಗ್ಗುತ್ತದೆ. ಲೀಗಲ್ ಹಾಳೆ 14 ಇಂಚು, ಮೂಲದ ಅಳತೆಗೇ ಕೂರುತ್ತದೆ. ಫಿಟ್ ಟು ಪೇಜ್ ತೆಗೆದು ಆಕ್ಚುವಲ್ ಸೈಜ್, ಟೋನರ್ ಉಳಿಸುವ ಸೆಟ್ಟಿಂಗ್ ಬಂದ್. ವರ್ಡ್‌ನಲ್ಲಿ ಫೋಟೋ ಅಂಟಿಸಿ ಪ್ರಿಂಟ್ ಕೊಡುವ ಅಭ್ಯಾಸ ನಮ್ಮ ಅಂಗಡಿಗಳಲ್ಲಿ ಬಹಳ ಇದೆ. ಸೆಟ್ಟಿಂಗ್ ಬದಲಾಯಿಸದಿದ್ದರೆ ವರ್ಡ್‌ನ ಹಲವು ಆವೃತ್ತಿಗಳು ಫೈಲ್ ಸೇವ್ ಮಾಡುವಾಗ ಚಿತ್ರವನ್ನು ಇಂಚಿಗೆ 220ಕ್ಕೆ ಇಳಿಸಿಬಿಡುತ್ತವೆ. ನಾನು ಜಿಂಪ್‌ನಿಂದಲೇ ಪಿಡಿಎಫ್ ಮಾಡಿ ಕೊಟ್ಟೆ. ಹಾಳೆ ಹೊಸ ಕಟ್ಟಿನಿಂದ. ಮಳೆಗಾಲದಲ್ಲಿ ತೆರೆದಿಟ್ಟ ಕಾಗದ ತೇವ ಹೀರಿ ಟೋನರ್ ಸರಿಯಾಗಿ ಹತ್ತೋದಿಲ್ಲ, ಮಚ್ಚೆ ಮಚ್ಚೆಯಾಗಿ ಬರುತ್ತದೆ. ಇಂಕ್‌ಜೆಟ್ ಆದರೆ ಶಾಯಿ ಹರಡುತ್ತದೆ.

ವಕೀಲರಿಗೆ ಎರಡು ಥರದ ಪ್ರಿಂಟ್ ಹೋದವು. ಓದಲು ಕಪ್ಪು ಬಿಳುಪು. ಕಾಗದ ಹೇಗಿದೆಯೋ ಹಾಗೆ ತೋರಿಸಲು ಏನೂ ತಿದ್ದದ ಕಲರ್. ತಿದ್ದಿದ ಪ್ರಿಂಟ್ ಒಂದನ್ನೇ ಕೊಟ್ಟರೆ ಎದುರಿನವರು ಕೇಳುವ ಮೊದಲ ಪ್ರಶ್ನೆ ಇನ್ನೇನು ತಿದ್ದಿದ್ದೀರಿ ಅಂತ. ಇವು ಓದೋಕೆ ಮಾತ್ರ, ಕೆಲಸಕ್ಕೆ ಬೇಕಾದ್ದು ತಾಲ್ಲೂಕು ಕಚೇರಿಯ ದೃಢೀಕೃತ ನಕಲು ಅಂತ ವಕೀಲರೂ ಹೇಳಿದರು. ಆದರೆ ಆ ನಕಲಿಗೆ ಅರ್ಜಿ ಹಾಕಲು ಸರ್ವೆ ನಂಬರ್ ಸರಿಯಾಗಿ ಗೊತ್ತಿರಬೇಕಿತ್ತು. ಅದು ಈಗ ಗೊತ್ತಾಯಿತು.

ಒಂದು ಕಡೆ ಮಾತ್ರ ಸೋತೆವು. ಜಮೀನಿನ ಗಡಿ ಹೇಳುವ ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಯಾರ ಜಮೀನು ಅನ್ನುವ ಹೆಸರು ಸರಿಯಾಗಿ ಮಡಿಕೆಯ ಮೇಲಿತ್ತು. ಕತ್ತಲೆ ಕೋಣೆಯಲ್ಲಿ ಕಾಗದದ ಮಟ್ಟಕ್ಕೇ ಟಾರ್ಚ್ ಹಿಡಿದು, ಬೆಳಕು ಅಡ್ಡಲಾಗಿ ಹಾಯುವಂತೆ ಫೋಟೋ ತೆಗೆದಿದ್ದೆ. ಶಾಯಿ ಉದುರಿದ ಕಡೆಯೂ ನಿಬ್ಬು ಒತ್ತಿದ ಗುರುತು ನೆರಳಾಗಿ ಕಂಡು ಕೆಲವೊಮ್ಮೆ ಓದಲು ಸಿಗುತ್ತದೆ. ಮೊದಲೆರಡು ಅಕ್ಷರ ಹಾಗೆ ಸಿಕ್ಕವು, ಜೊತೆಗೆ ಕೊನೆಯ "ಬಿನ್" ಕೂಡ. ನಡುವೆ ಕಾಗದವೇ ಹೋಗಿ ತೂತಾಗಿತ್ತು. ಆ ಎರಡಕ್ಷರದಿಂದ ಶುರುವಾಗುವ ಹೆಸರು ಇಂಥವರದೇ ಅಂತ ಅಣ್ಣ ಹೇಳಿದರು, ತಮ್ಮ ಇನ್ನೊಬ್ಬರ ಹೆಸರು ಹೇಳಿದ. ಪ್ರಿಂಟುಗಳ ಜೊತೆ ವಕೀಲರಿಗೆ ಟೈಪ್ ಮಾಡಿ ಕೊಟ್ಟ ಪ್ರತಿಯಲ್ಲಿ ಯಾರ ಹೆಸರನ್ನೂ ಹಾಕದೆ ಚುಕ್ಕಿ ಇಟ್ಟು ಬಿಟ್ಟೆ. ವಕೀಲರು ಅದನ್ನು ಹಾಗೇ ಉಳಿಸಿಕೊಂಡು, ಕಚೇರಿಯ ಕಡತದಲ್ಲಿ ಆ ಸಾಲನ್ನು ವಿಶೇಷವಾಗಿ ನೋಡಿ ನಕಲು ಕೊಡಬೇಕು ಅಂತ ಅರ್ಜಿಯಲ್ಲೇ ಬರೆದರು.